ಲಾರ್ನಕದ ತಿಮ್ಮಯ್ಯ ರಸ್ತೆ

ಗೂಗಲ್ ಮ್ಯಾಪ್‌ನ ಹೆಣ್ಣುದನಿ "ಸ್ತ್ರಾತಿಗು ತಿಮಾಯಾ ರಸ್ತೆಗೆ ಎಡಕ್ಕೆ ತಿರುಗಿ" ಅಂತ ಇಂಗ್ಲಿಷಿನಲ್ಲಿ ಹೇಳಿತು. ನಾನೂ ತಿರುಗಿದೆ. ಗ್ರೀಕ್ ಹೆಸರುಗಳ ಮಧ್ಯೆ ಇನ್ನೊಂದು ಗ್ರೀಕ್ ಹೆಸರು, ಅದರಲ್ಲೇನು ವಿಶೇಷ! ಕೈಯಲ್ಲಿ ಬ್ಯಾಗು, ಬೆನ್ನಲ್ಲಿ ಲ್ಯಾಪ್‌ಟಾಪು, ಸೆಪ್ಟೆಂಬರ್ ಕೊನೆಯಾದರೂ ನಮ್ಮ ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಸಿಗ್ನಲ್ಲಿನ ಹತ್ತಿರ ನಿಂತು ಬೆವರು ಒರೆಸಿಕೊಳ್ಳುವಾಗ ರಸ್ತೆಯ ಫಲಕ ಕಣ್ಣಿಗೆ ಬಿತ್ತು. ಸ್ತ್ರಾತಿಗೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಸೇನಾಪತಿ, ಜನರಲ್ ಅಂತ ಅಷ್ಟರಲ್ಲಾಗಲೇ ನನಗೆ ಗೊತ್ತಿತ್ತು. ಜನರಲ್ ತಿಮಾಯಾ. ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ಮೂರನೇ ಸಲಕ್ಕೆ ಅದು ಜನರಲ್ ತಿಮ್ಮಯ್ಯ ಆಯಿತು.

ನಮ್ಮ ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ!

ಕ್ಲೈಂಟ್ ಕೆಲಸ ಇದ್ದದ್ದು ಲಿಮಸೋಲ್‌ನಲ್ಲಿ, ಎರಡು ವಾರ. ವಾರಾಂತ್ಯಕ್ಕೆ ಅಂತ ಲಾರ್ನಕಕ್ಕೆ ಬಂದಿದ್ದೆ. 2024ರ ಅಕ್ಟೋಬರ್ 1 ಮಂಗಳವಾರ ಅಲ್ಲಿ ಸರ್ಕಾರಿ ರಜೆ, ಅವರ ಸ್ವಾತಂತ್ರ್ಯ ದಿನ. ಸೋಮವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಕೈಗೆ ಸಿಗುತ್ತದೆ. ಈ ಲೆಕ್ಕ ಹಾಕುವುದರಲ್ಲಿ ನಾವು ಬೆಂಗಳೂರಿನವರು ಯಾವ ದೇಶಕ್ಕೆ ಹೋದರೂ ಹಿಂದೆ ಬೀಳುವುದಿಲ್ಲ.

ಉಳಿದುಕೊಂಡಿದ್ದ ಗೆಸ್ಟ್‌ಹೌಸಿನ ಒಡತಿಗೆ ಅರವತ್ತು ದಾಟಿದೆ. ಬೀದಿಯ ಹೆಸರಿನ ಬಗ್ಗೆ ಕೇಳಿದೆ. "ಅವರಾ, ಯಾರೋ ನಮ್ಮ ಹಳೇ ಸೇನಾಪತಿ ಇರಬೇಕು. ಗ್ರೀಸಿನಿಂದ ಬಂದವರೇನೋ," ಅಂದರು. ಅಲ್ಲಮ್ಮ, ಅವರು ನನ್ನ ರಾಜ್ಯದವರು ಅಂದೆ. ನಂಬಲಿಲ್ಲ. ಫೋನಿನಲ್ಲಿ ಫೋಟೋ ತೋರಿಸಿದೆ. ಮೀಸೆ, ಎದೆಯ ಮೇಲೆ ಪದಕಗಳ ಸಾಲು. ತುಂಬಾ ಹೊತ್ತು ನೋಡಿ, "ಮೂವತ್ತು ವರ್ಷದಿಂದ ಆ ರಸ್ತೆಯ ಬ್ಯಾಂಕಿಗೆ ಹೋಗ್ತಿದೀನಿ ಮಗನೇ," ಅಂದು ನಕ್ಕರು.

ನಾನೂ ನಗಬೇಕಾದವನೇ. ಬೆಂಗಳೂರಿನ ರಿಚ್‌ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯ ರಸ್ತೆ ಅಂತ ಹೆಸರಿದೆ. ನಾಲ್ಕು ವರ್ಷ ಅದೇ ದಾರಿಯಲ್ಲಿ ಆಫೀಸಿಗೆ ಬೈಕಿನಲ್ಲಿ ಹೋಗಿದ್ದೇನೆ. ಒಂದು ದಿನವೂ ಇವರು ಯಾರು ಅಂತ ತಲೆಕೆಡಿಸಿಕೊಂಡಿರಲಿಲ್ಲ.

ಆ ರಾತ್ರಿ ಕೂತು ಓದಿದೆ. ಅವರು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು ದುಬ್ಬು. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು. 1948ರ ನವೆಂಬರಿನಲ್ಲಿ, ಹಿಮ ಬೀಳುವ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದರು. 3,500 ಮೀಟರ್ ಎತ್ತರ, ಅಲ್ಲಿಗೆ ಟ್ಯಾಂಕು ಬರುತ್ತದೆ ಅಂತ ಎದುರಿಗಿದ್ದವರು ಕನಸಿನಲ್ಲೂ ಎಣಿಸಿರಲಿಲ್ಲ. ಲಡಾಖಿನ ದಾರಿ ಬಿಡಿಸಿಕೊಂಡದ್ದು ಹಾಗೆ. 1953ರಲ್ಲಿ ಕೊರಿಯಾಕ್ಕೆ ಹೋಗಿ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಆಯೋಗಕ್ಕೆ ಅಧ್ಯಕ್ಷರಾದರು. 1957ರಿಂದ 1961ರವರೆಗೆ ಭಾರತದ ಸೇನಾ ಮುಖ್ಯಸ್ಥರು. ಮಧ್ಯೆ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳವಾಗಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂತೆಗೆದುಕೊಂಡದ್ದು ದೊಡ್ಡ ಕತೆ. ಅದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ, ಇಲ್ಲಿ ಬೇಡ. ನಿವೃತ್ತರಾಗಿ ಊರಿಗೆ ಬಂದು ನೆಮ್ಮದಿಯಾಗಿ ಇದ್ದವರನ್ನು 1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್‌ಗೆ ಕರೆಯಿತು.

ಸೈಪ್ರಸ್ ಅಂದರೆ ನಮಗೆ ಈಗ ಬೀಚು, ವೈನು, ಮದುವೆಯ ಪ್ಯಾಕೇಜು. 1964ರಲ್ಲಿ ಹಾಗಿರಲಿಲ್ಲ. ಬ್ರಿಟಿಷರು 1878ರಲ್ಲಿ ತುರ್ಕಿಯ ಸುಲ್ತಾನನಿಂದ ಆಡಳಿತ ವಹಿಸಿಕೊಂಡ ದ್ವೀಪ ಇದು. (ಆಗಲೂ ನಮ್ಮವರು ಬಂದಿದ್ದರು. ಆ ವರ್ಷ ಪ್ರಧಾನಿ ಡಿಸ್ರೇಲಿ ರಷ್ಯಾವನ್ನು ಹೆದರಿಸಲು ಭಾರತದಿಂದ ಸುಮಾರು 7 ಸಾವಿರ ಸಿಪಾಯಿಗಳನ್ನು ಮಾಲ್ಟಾ ದ್ವೀಪಕ್ಕೆ ತರಿಸಿದ. ಅವರಲ್ಲಿ ಒಂದು ಪಾಲು ಸೈಪ್ರಸ್‌ಗೂ ಬಂತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವರೂ ಅದರಲ್ಲಿದ್ದರು. ಹಲಸೂರು ಕೆರೆ ನೋಡಿ ಹೊರಟವರು ಲಾರ್ನಕದ ಉಪ್ಪುಕೆರೆ ನೋಡಿದ್ದಾರೆ ಅಂತ ಯೋಚಿಸಿದರೆ ಮೈ ಜುಂ ಅನ್ನುತ್ತದೆ.) 1960ರಲ್ಲಿ ಸ್ವಾತಂತ್ರ್ಯ ಬಂತು. ಹೆಚ್ಚಿನವರು ಗ್ರೀಕರು, ಸುಮಾರು ನೂರಕ್ಕೆ ಹದಿನೆಂಟು ತುರ್ಕರು. ಅಧ್ಯಕ್ಷ ಗ್ರೀಕರವರು, ಉಪಾಧ್ಯಕ್ಷ ತುರ್ಕರವರು ಅಂತ ಸಂವಿಧಾನ. ಮೂರು ವರ್ಷ ಹೇಗೋ ನಡೆಯಿತು. 1963ರ ಡಿಸೆಂಬರಿನಲ್ಲಿ ರಾಜಧಾನಿ ನಿಕೋಸಿಯಾದಲ್ಲಿ ಗುಂಡು ಹಾರಿತು, ಅಕ್ಕಪಕ್ಕದ ಮನೆಯವರು ಕೊಲೆಗಡುಕರಾದರು.

ಡಿಸೆಂಬರ್ 30ರಂದು ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಿಕೋಸಿಯಾದ ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಕೈಯಲ್ಲಿದ್ದದ್ದು ಹಸಿರು ಪೆನ್ಸಿಲ್. ಅದಕ್ಕೇ ಇವತ್ತಿಗೂ ಅದರ ಹೆಸರು ಗ್ರೀನ್ ಲೈನ್. ಕೈಗೆ ನೀಲಿ ಸಿಕ್ಕಿದ್ದರೆ ನೀಲಿ ಗೆರೆ ಆಗುತ್ತಿತ್ತು.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಡೆ ಕಳಿಸಲು ನಿರ್ಣಯ ಮಾಡಿತು. ಎಷ್ಟು ದಿನಕ್ಕೆ? ಮೂರು ತಿಂಗಳಿಗೆ! ನಮ್ಮ ಕಡೆಯ ತಾತ್ಕಾಲಿಕ ಬಸ್ ನಿಲ್ದಾಣದ ಹಾಗೆ, ಅರವತ್ತು ವರ್ಷ ಆದರೂ ಅಲ್ಲೇ ಇದೆ. ಕೆನಡಾ, ಬ್ರಿಟನ್, ಐರ್ಲೆಂಡ್, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ಗಳಿಂದ ಸೈನಿಕರು ಬಂದರು. ಅವರನ್ನು ನಡೆಸಲು ಭಾರತದವರು. ಮೊದಲು ಜನರಲ್ ಗ್ಯಾನಿ, ಜುಲೈನಿಂದ ತಿಮ್ಮಯ್ಯ.

ತಿಮ್ಮಯ್ಯ ಬಂದು ಒಂದು ತಿಂಗಳಾಗಿತ್ತಷ್ಟೇ. ಆಗಸ್ಟ್‌ನಲ್ಲಿ ವಾಯವ್ಯ ಕರಾವಳಿಯ ಕೊಕ್ಕಿನಾ ಎಂಬಲ್ಲಿ ತುರ್ಕರ ಹಳ್ಳಿಗಳ ಮೇಲೆ ಗ್ರೀಕ್ ಪಡೆ ಏರಿ ಬಂತು. ತುರ್ಕಿಯ ವಿಮಾನಗಳು ಬಂದು ಬಾಂಬು ಹಾಕಿದವು. ನೇಟೋದ ಎರಡು ದೇಶಗಳು, ಗ್ರೀಸ್ ಮತ್ತು ತುರ್ಕಿ, ಯುದ್ಧಕ್ಕೆ ಬೀಳುವುದೊಂದು ಬಾಕಿ. ನಡುವೆ ನಿಂತ ಶಾಂತಿಪಡೆಗೆ ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರ ಇಲ್ಲ. ಜೋಜಿ ಲಾಕ್ಕೆ ಟ್ಯಾಂಕು ಹತ್ತಿಸಿದ ಮನುಷ್ಯನಿಗೆ ಇಲ್ಲಿ ಸಿಕ್ಕ ಅಸ್ತ್ರ ಮಾತು ಒಂದೇ.

ನನಗೆ ಇಷ್ಟವಾದದ್ದು ಆಮೇಲಿನ ಕೆಲಸ. ಅದು ಸಿನಿಮಾಕ್ಕೆ ಆಗುವಂಥದ್ದಲ್ಲ. ಸುಮಾರು 25 ಸಾವಿರ ತುರ್ಕರು ಊರು ಬಿಟ್ಟು ತಮ್ಮವರೇ ಇರುವ ಸಣ್ಣ ಸಣ್ಣ ಕೊಪ್ಪಲುಗಳಲ್ಲಿ ತುಂಬಿಕೊಂಡಿದ್ದರು. ಅವರ ಹೊಲ ಒಂದು ಕಡೆ, ಅವರು ಒಂದು ಕಡೆ. ಸಿಮೆಂಟು, ಮರ, ಪೆಟ್ರೋಲು ಒಳಗೆ ಬಿಡುವಂತಿಲ್ಲ ಅಂತ ಸರ್ಕಾರದ ಕಟ್ಟು. ಗೋಧಿ, ಬಾರ್ಲಿ ಕೊಯ್ಲಿಗೆ ಬಂದಾಗ ರೈತರು ಗೆರೆಯ ಹತ್ತಿರದ ಹೊಲಕ್ಕೆ ಹೋಗಬೇಕಾದರೆ ವಿಶ್ವಸಂಸ್ಥೆಯ ನೀಲಿ ಟೋಪಿಯವರು ಜೊತೆಗೆ ಹೋಗಬೇಕು. ಇತ್ತ ನಿಕೋಸಿಯಾದಿಂದ ಉತ್ತರದ ಕಿರೇನಿಯಾ ಬಂದರಿಗೆ ಹೋಗುವ ರಸ್ತೆ ತುರ್ಕರ ಕೈಯಲ್ಲಿತ್ತು, ಗ್ರೀಕರು ಕಾಲಿಡುವಂತಿಲ್ಲ. 1964ರ ಅಕ್ಟೋಬರ್ 26ರಿಂದ ಆ ರಸ್ತೆ ವಿಶ್ವಸಂಸ್ಥೆಯ ಹಿಡಿತಕ್ಕೆ ಬಂತು. ಬೆಂಗಾವಲು ಜೀಪಿನ ಹಿಂದೆ ಗ್ರೀಕರ ಕಾರು, ಬಸ್ಸುಗಳು ಸಾಲಾಗಿ ಹೋಗಿಬರುವಂತಾಯಿತು. ಒಬ್ಬ ಸೇನಾಪತಿ ಗೆದ್ದದ್ದೇನು ಅಂದರೆ ಒಂದು ರಸ್ತೆ, ಅದೂ ಹೊತ್ತು ನೋಡಿಕೊಂಡು.

ಗೆಸ್ಟ್‌ಹೌಸಿನ ಒಡತಿಯ ಕತೆ ಅದಕ್ಕೂ ಹತ್ತು ವರ್ಷ ಈಚಿನದು. ಆಕೆ ಫಾಮಗುಸ್ತದವರು. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಕುಮ್ಮಕ್ಕಿನಿಂದ ಇಲ್ಲಿ ದಂಗೆಯಾಯಿತು, 20ರಂದು ತುರ್ಕಿಯ ಸೈನ್ಯ ಇಳಿಯಿತು. ಆಗಸ್ಟಿನಲ್ಲಿ ಎರಡನೇ ಸಲ ಮುನ್ನುಗ್ಗಿದಾಗ ಫಾಮಗುಸ್ತ ಹೋಯಿತು. ಹನ್ನೆರಡು ವರ್ಷದ ಹುಡುಗಿ, ಅಪ್ಪ ಕಾರಿನಲ್ಲಿ ಕೂರಿಸಿ "ಒಂದು ವಾರದಲ್ಲಿ ಬರ್ತೀವಿ" ಅಂದರಂತೆ. ಅವ್ವ ಒಲೆ ಮೇಲಿದ್ದ ಪಾತ್ರೆಯನ್ನು ಇಳಿಸಿದರೋ ಇಲ್ಲವೋ ಅನ್ನುವುದು ಕೊನೆಗಾಲದವರೆಗೂ ಆಯಮ್ಮನ ಚಿಂತೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ದಕ್ಷಿಣಕ್ಕೆ, 40 ಸಾವಿರಕ್ಕೂ ಹೆಚ್ಚು ತುರ್ಕರು ಉತ್ತರಕ್ಕೆ. ಪೆನ್ಸಿಲ್ಲಿನ ಗೆರೆ ಈಗ 180 ಕಿಲೋಮೀಟರ್ ಉದ್ದವಾಗಿ ದ್ವೀಪವನ್ನು ಸೀಳಿತು. ಕೆಲವೆಡೆ ಏಳು ಕಿಲೋಮೀಟರ್ ಅಗಲ, ನಿಕೋಸಿಯಾದ ಹಳೇ ಓಣಿಗಳಲ್ಲಿ ಕೆಲವೇ ಮೀಟರ್. ಆಗ ಶಾಂತಿಪಡೆಯ ಮುಖ್ಯಸ್ಥರಾಗಿದ್ದವರೂ ಭಾರತದವರೇ, ಜನರಲ್ ಪ್ರೇಮ್ ಚಂದ್.

ಅಕ್ಟೋಬರ್ 1ರಂದು ಬಸ್ಸು ಹತ್ತಿ ನಿಕೋಸಿಯಾಕ್ಕೆ ಹೋದೆ. ನಾನು ಮುಟ್ಟುವ ಹೊತ್ತಿಗೆ ಪರೇಡ್ ಮುಗಿದಿತ್ತು. ಬಾಲ್ಕನಿಗಳಲ್ಲಿ ಬಾವುಟ, ಮಕ್ಕಳ ಕೈಯಲ್ಲಿ ಬಾವುಟ. ಸ್ವಾತಂತ್ರ್ಯ ಬಂದದ್ದು ನಿಜವಾಗಿ ಆಗಸ್ಟ್ 16ಕ್ಕೆ. ಆಗ ಜನ ಸುಡುಬಿಸಿಲಿಗೆ ಹೆದರಿ ಸಮುದ್ರದ ದಂಡೆ ಸೇರಿರುತ್ತಾರೆ, ಅದಕ್ಕೇ ಹಬ್ಬ ಅಕ್ಟೋಬರಿಗೆ. ವೆನಿಸಿನವರು ಕಟ್ಟಿಸಿದ ಕೋಟೆಗೋಡೆ ದಾಟಿ ಲೆದ್ರಾ ಬೀದಿಯಲ್ಲಿ ನಡೆದರೆ ಎರಡೂ ಕಡೆ ಕಾಫಿ ಅಂಗಡಿ, ಐಸ್‌ಕ್ರೀಂ, ಬೆಕ್ಕುಗಳು. ಬ್ರಿಗೇಡ್ ರೋಡಿನ ಹಾಗೆ ಗಿಜಿಗಿಜಿ. ಇದ್ದಕ್ಕಿದ್ದಂತೆ ಬೀದಿ ನಿಲ್ಲುತ್ತದೆ. ಒಂದು ಗೂಡಂಗಡಿಯಷ್ಟು ಕಟ್ಟೆ, ಪಾಸ್‌ಪೋರ್ಟ್ ನೋಡುವ ಪೊಲೀಸರು, ಆಚೆಗೆ ನಾಲ್ಕು ಹೆಜ್ಜೆ ಯಾರಿಗೂ ಸೇರದ ನೆಲ, ಅದರಾಚೆ ಮತ್ತೊಂದು ಕಟ್ಟೆ. ಪಕ್ಕದ ಓಣಿಗೆ ಹೊಕ್ಕರೆ ಮರಳಿನ ಚೀಲ, ತುಕ್ಕು ಹಿಡಿದ ಡ್ರಮ್ಮುಗಳ ಗೋಡೆ, ಅದರ ಮೇಲೆ ಗಿಡ ಬೆಳೆದಿದೆ.

ದಾಟಲಿಲ್ಲ. ಆ ಕಡೆ ಹೋಗಬೇಡಿ, ಇನ್ಶೂರೆನ್ಸ್ ಇರುವುದಿಲ್ಲ ಅಂತ ನಮ್ಮ ಟ್ರಾವೆಲ್ ಡೆಸ್ಕಿನವರು ಮೇಲ್ ಹಾಕಿದ್ದರು. ತರಕಾರಿ ಚೀಲ ಹಿಡಿದ ಹೆಂಗಸರು ಆರಾಮವಾಗಿ ಹೋಗಿಬರುತ್ತಿದ್ದರು. 2008ರವರೆಗೆ ಅದೂ ಇರಲಿಲ್ಲ. ಆಮೇಲೆ 2020ರ ಫೆಬ್ರವರಿ ಕೊನೆಗೆ ಕೋವಿಡ್ ಅಂತ ಈ ಬಾಗಿಲನ್ನು ಮತ್ತೆ ಮುಚ್ಚಿದರು, ತೆರೆದದ್ದು ಮರುವರ್ಷ ಜೂನಿಗೆ. ಅಲ್ಲೇ ಕಾಫಿ ಅಂಗಡಿಯ ಹುಡುಗ ಇದನ್ನು ಹೇಳಿದಾಗ ನನ್ನ ಕಾಫಿ ತಣ್ಣಗಾಯಿತು.

ಯಾಕೆ ಅಂತ ಹೇಳಬೇಕಾದರೆ ನಮ್ಮೂರಿಗೆ ಬರಬೇಕು.

ನಮ್ಮೂರು ಹಲವಾಗಲು, ಹರಪನಹಳ್ಳಿ ತಾಲ್ಲೂಕು. ತುಂಗಭದ್ರೆಯ ದಂಡೆ. ಹೊಳೆಯ ಆಚೆ ದಡ ರಾಣೇಬೆನ್ನೂರು ತಾಲ್ಲೂಕು. ನಮ್ಮ ಅಜ್ಜಿಯ ತವರು ಆಚೆ ದಡದ ಒಂದು ಹಳ್ಳಿ. 1952ರಲ್ಲಿ ಹದಿನಾಲ್ಕು ವರ್ಷದ ಹುಡುಗಿ ಹರಿಗೋಲಿನಲ್ಲಿ ಕೂತು ಈಚೆ ದಡಕ್ಕೆ ಸೊಸೆಯಾಗಿ ಬಂದಳು. ಆಗ ಆಚೆಯದು ಬಾಂಬೆ ರಾಜ್ಯ, ಈಚೆಯದು ಮದ್ರಾಸ್ ರಾಜ್ಯ. ಹೊಳೆ ದಾಟಿದ ಅರ್ಧ ಗಂಟೆಯಲ್ಲಿ ಆಕೆಯ ಮುಖ್ಯಮಂತ್ರಿಯೇ ಬದಲಾದ. ಮರುವರ್ಷ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿದವು. ಹೌದು, ಅದೇ ಅಕ್ಟೋಬರ್ 1. 1956ರಲ್ಲಿ ಆಚೆ ದಡವೂ ಮೈಸೂರಾಯಿತು, 1973ರಲ್ಲಿ ಎರಡೂ ಕರ್ನಾಟಕ. 1997ರಲ್ಲಿ ನಮ್ಮ ತಾಲ್ಲೂಕನ್ನು ದಾವಣಗೆರೆಗೆ ಹಾಕಿದರು. 371 ಜೆ ಸವಲತ್ತು ಬಂದಾಗ ಪಕ್ಕದ ಹಡಗಲಿಯವರಿಗೆ ಸಿಕ್ಕಿತು, ನಮಗಿಲ್ಲ. ನನ್ನ ಓರಗೆಯ ಹುಡುಗರು ಅದಕ್ಕಾಗಿ ರಸ್ತೆಗೆ ಇಳಿದದ್ದು ನೆನಪಿದೆ. 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಅಜ್ಜಿ ಕುಂತಲ್ಲೇ ಕುಂತು ಇಷ್ಟೂ ಊರು ಸುತ್ತಿದ್ದಾಳೆ. ಜೀವಮಾನದಲ್ಲಿ ಆಕೆ ದಾಟಿದ್ದು ಒಂದೇ ಹೊಳೆ.

ಗೆರೆಗಳು ಸುಮ್ಮನೆ ಸರಿದವು ಅಂತ ಹೇಳಿದರೆ ತಪ್ಪಾಗುತ್ತದೆ. 1953ರ ಆ ವಿಲೀನದ ಸಮಾರಂಭಕ್ಕೆ ಬಳ್ಳಾರಿಯಲ್ಲಿ ಹಾಕಿದ್ದ ಪೆಂಡಾಲು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಹಿಂದಿನ ರಾತ್ರಿಯ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಬಳ್ಳಾರಿ ಯಾರಿಗೆ ಅನ್ನುವ ಜಗಳಕ್ಕೆ ಆಯೋಗ ಕೂತಿತ್ತು. ಆದರೆ ಹೊಳೆಯ ಮೇಲೆ ಹರಿಗೋಲು ನಿಲ್ಲಲಿಲ್ಲ. ಯುದ್ಧದ ಕಾಲದಲ್ಲಿ ಕಾಳುಕಡಿ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಒಯ್ಯಬಾರದು ಅಂತ ಕಟ್ಟುನಿಟ್ಟಿದ್ದಾಗಲೂ ನಮ್ಮ ಮುತ್ತಜ್ಜ ರಾತ್ರಿ ಹೊತ್ತು ಜೋಳದ ಚೀಲ ಹಾಕಿಕೊಂಡು ಆಚೆ ದಡದ ತಂಗಿಗೆ ಕೊಟ್ಟು ಬರುತ್ತಿದ್ದನಂತೆ. ಅಜ್ಜಿ ಇದನ್ನು ಹೇಳುವಾಗ ಕಳ್ಳಸಾಗಣೆ ಅನ್ನುವ ಮಾತೇ ಬರುವುದಿಲ್ಲ. "ಹೊಳಿ ಮ್ಯಾಲ ಯಾರರ ಗೆರಿ ಎಳಿತಾರೇನಪ್ಪಾ? ತಂಗಿ ಹಸಕೊಂಡಿದ್ಲು, ಕೊಟ್ಟು ಬಂದ," ಅಷ್ಟೇ.

2020ರ ಮಾರ್ಚ್ ಕೊನೆಗೆ ವರ್ಕ್ ಫ್ರಂ ಹೋಮ್ ಅಂತ ನಾನು ಊರಿಗೆ ಬಂದೆ. ಊರಲ್ಲಿ ಆಗ ಹುಡುಗರ ಒಂದು ವಾಟ್ಸಾಪ್ ಗುಂಪು. ಹೊರಗಿನವರು ಯಾರೂ ಬರಬಾರದು ಅಂತ ರಸ್ತೆಗೆ ಅಡ್ಡ ಬಳ್ಳಾರಿ ಜಾಲಿಯ ಮುಳ್ಳುಕಂಟಿ ಎಳೆದರು. ಬೇಸಿಗೆಗೆ ಹೊಳೆ ಇಳಿದು ಜನ ನಡೆದೇ ದಾಟುವ ಕಡೆ ಇದೆಯಲ್ಲ, ಅಲ್ಲಿಗೂ ಕಂಟಿ ಹಾಕಬೇಕು ಅಂತ ಗುಂಪಿನಲ್ಲಿ ಮೆಸೇಜು ಹಾಕಿದವನು ನಾನು. ಹಾಕುವಾಗ ಕೈಗೆ ಮುಳ್ಳು ಚುಚ್ಚಿಸಿಕೊಂಡು, ಫೋಟೋ ಹೊಡೆದು, ಸ್ಟೇಟಸ್ಸಿಗೂ ಹಾಕಿದೆ. ನಲವತ್ತೆಂಟು ಲೈಕು ಬಂದವು.

ಏಪ್ರಿಲ್ ಮೂರನೇ ವಾರ ಆಚೆ ದಡದಿಂದ ಫೋನು ಬಂತು, ಅಜ್ಜಿಯ ತಮ್ಮ ಹೋದ. ಕೋವಿಡ್ ಅಲ್ಲ, ವಯಸ್ಸು. ರಸ್ತೆಯಲ್ಲಿ ಹೋಗಬೇಕಾದರೆ ಹರಿಹರ ಸುತ್ತಬೇಕು. ಬಳ್ಳಾರಿ, ದಾವಣಗೆರೆ, ಹಾವೇರಿ, ಮೂರು ಜಿಲ್ಲೆ, ಮೂರು ಚೆಕ್‌ಪೋಸ್ಟು, ಪಾಸು ಸಿಗುವಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. "ಹೊಳಿ ದಾಟಿ ಹೋಗೋಣ, ಮೊಣಕಾಲುದ್ದನೂ ನೀರಿಲ್ಲ," ಅಂದಳು ಅಜ್ಜಿ. ನಾನು ಬೇಡ ಅಂದೆ. ಆಚೆ ಊರಿನವರೂ ಕಂಟಿ ಹಾಕಿದ್ದಾರೆ, ಬಯ್ಯುತ್ತಾರೆ, ಕೇಸ್ ಆಗುತ್ತೆ, ನಿನ್ನ ವಯಸ್ಸಿಗೆ ಅಪಾಯ ಅಂತ ಇಂಜಿನಿಯರ್ ಬುದ್ಧಿಯಿಂದ ಒಂದೊಂದೇ ಪಾಯಿಂಟ್ ಹೇಳಿದೆ. ಒಂದೂ ಸುಳ್ಳಲ್ಲ. ಅಜ್ಜಿ ಹೊಳೆಯ ಮೆಟ್ಟಿಲ ಮೇಲೆ ಸಂಜೆವರೆಗೂ ಕೂತಿದ್ದಳು. ಆಚೆ ದಡದ ಗಿಡಗಳ ಹಿಂದೆ ಭಜನೆಯ ತಾಳದ ಸದ್ದು ಗಾಳಿ ಬೀಸಿದಾಗ ಕೇಳುತ್ತಿತ್ತು, ನಿಂತಾಗ ಇಲ್ಲ. ಆಮೇಲೆ ಇದರ ಬಗ್ಗೆ ಅಜ್ಜಿ ಒಂದು ಮಾತೂ ಆಡಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಿಕೋಸಿಯಾದ ಓಣಿಯಲ್ಲಿ ಆ ಡ್ರಮ್ಮುಗಳ ಮುಂದೆ ನಿಂತಾಗ ನನಗೆ ಇತಿಹಾಸದ್ದೇನೂ ನೆನಪಾಗಲಿಲ್ಲ. ಇದನ್ನು ಇಲ್ಲಿ ಉರುಳಿಸಿ ತಂದು ಇಟ್ಟ ಹುಡುಗರು ಯಾರಿರಬಹುದು ಅನ್ನಿಸಿತು. ನನ್ನ ವಯಸ್ಸಿನವರೇ ಇರಬೇಕು. ಊರು ಉಳಿಸುತ್ತಿದ್ದೇವೆ ಅಂತಲೇ ಅಂದುಕೊಂಡಿರಬೇಕು.

ಸಂಜೆ ಲಾರ್ನಕಕ್ಕೆ ವಾಪಸ್ಸಾಗುವಾಗ ದಾರಿಯಲ್ಲಿ ಕ್ಯಾರಬ್ ಮರಗಳು, ನಮ್ಮ ಹುಣಸೆಯ ಹಾಗೆ ಕಪ್ಪು ಕಾಯಿ. ಉಪ್ಪುಕೆರೆ ಒಣಗಿ ಬಿಳಿ ಹಪ್ಪಳದಂತೆ ಬಿರುಕು ಬಿಟ್ಟಿತ್ತು. ಮಳೆ ಬಂದು ತುಂಬಿದ ಮೇಲೆ ಫ್ಲೆಮಿಂಗೋ ಹಕ್ಕಿ ಬರುತ್ತವಂತೆ. ಒಡತಿ ದ್ರಾಕ್ಷಿ ಕೊಯ್ಲಿನ ಕಾಲದ ತಿಂಡಿ ಸುಜೂಕೊ ಕಟ್ಟಿಕೊಟ್ಟರು. ದಾರಕ್ಕೆ ಬಾದಾಮಿ ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದ್ದು. ನೋಡಿದರೆ ಮೇಣದ ಬತ್ತಿ, ತಿಂದರೆ ಗಟ್ಟಿ ಹಲ್ಬಾಯಿ. "ನಿಮ್ಮ ಜನರಲ್ ಬಗ್ಗೆ ನನ್ನ ಮೊಮ್ಮಗಳಿಗೆ ಹೇಳಿದೆ, ಅವರ ಟೀಚರಿಗೂ ಗೊತ್ತಿರಲಿಲ್ಲವಂತೆ," ಅಂದರು. ಮನೆ ನೋಡಲು ಯಾವತ್ತಾದರೂ ಆ ಕಡೆ ಹೋಗಿದ್ದೀರಾ ಅಂತ ಕೇಳಿದೆ. ಒಂದು ಸಲ ಹೋಗಿದ್ದೆ, ಬೇಲಿಯ ಸಂದಿಯಿಂದ ನೋಡಿದೆ, ಅಷ್ಟೇ ಅಂದು ಒಳಗೆ ಹೋದರು.

ತಿಮ್ಮಯ್ಯ ವಾಪಸ್ಸು ಬರಲಿಲ್ಲ. 1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲೇ ಹೃದಯಾಘಾತವಾಗಿ ತೀರಿಕೊಂಡರು, ಐವತ್ತೊಂಬತ್ತು ವರ್ಷ. ಮರುವರ್ಷ ಆ ದೇಶ ಅವರ ಚಿತ್ರದ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಿಂದ ವಸ್ತುಸಂಗ್ರಹಾಲಯ. ಜೋಜಿ ಲಾ ಬಗ್ಗೆ ಕೇಳಿದರೆ ನಮ್ಮಲ್ಲಿ ಹತ್ತು ಜನ ಹೇಳುತ್ತಾರೆ, ಕಿರೇನಿಯಾ ರಸ್ತೆಯ ಬಗ್ಗೆ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ. ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಕಷ್ಟದ ಕೆಲಸ.

ದಸರೆಗೆ ಊರಿಗೆ ಹೋದೆ. ಬನ್ನಿ ಕೊಟ್ಟು ಅಜ್ಜಿಯ ಕಾಲಿಗೆ ಬಿದ್ದೆ, ಸುಜೂಕೊ ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಚಪ್ಪರಿಸಿ "ಅಂಟು ಅಂಟು ಐತಿ" ಅಂದಳು. ಹೊಳೆ ತುಂಬಿ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಕೂತು ತಿಮ್ಮಯ್ಯನವರ ಕತೆ ಪೂರ್ತಿ ಹೇಳಿದೆ. ಗೆರೆ, ಕೊಯ್ಲು, ಬೆಂಗಾವಲಿನ ಜೀಪು, ದೂರದೇಶದಲ್ಲಿ ಸತ್ತದ್ದು. ಅಜ್ಜಿ ಕಣ್ಣು ಆಚೆ ದಡದ ಮೇಲೇ ಇತ್ತು. ಕೇಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

"ಮಣ್ಣಿಗೆ ಅವರ ಮಂದಿ ಬಂದಿದ್ರೇನೋ ತಮ್ಮಾ?"

"ವಿಮಾನದಾಗ ಬೆಂಗ್ಳೂರಿಗೆ ತಂದ್ರು ಅಜ್ಜಿ. ವಿಲ್ಸನ್ ಗಾರ್ಡನ್ನಿನಾಗ ಮಣ್ಣು ಮಾಡಿದ್ರು. ಎಲ್ಲಾರೂ ಬಂದಿದ್ರು."

"ಹಂಗಾರ ಚಲೋ ಆತು," ಅಂದಳು. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಬನ್ನಿ ಎಲೆ ತೆಗೆದು ಹೊಳೆಗೆ ಬಿಟ್ಟಳು. ಅದು ಆಚೆ ದಡಕ್ಕೆ ಹೋಗಲಿಲ್ಲ, ಹೊಳೆ ಹರಿದತ್ತ ಹೋಯಿತು.